ಅವ್ವನ ಬಣ್ಣವೂ ಅಗ್ಗದ ಯಂತ್ರವೂ

ನಮ್ಮ ನಡುಮನೆಯ ಗೋಡೆಯ ಮೇಲೆ ನನ್ನ ತಾಯಿಯ ಪಟವೊಂದಿದೆ. ಅವಳು ತೀರಿಕೊಂಡಾಗ, ತಿಥಿಯ ಹೊತ್ತಿಗೆ ಬೇಕೆಂದು ಅವಸರದಲ್ಲಿ ಮಾಡಿಸಿದ ಪಟ ಅದು. ೧೯೮೩ರಲ್ಲಿ ನನ್ನ ಅಕ್ಕನ ಮದುವೆಯಲ್ಲಿ ತೆಗೆದಿದ್ದ ಗುಂಪಿನ ಫೋಟೋದಿಂದ ಅವಳೊಬ್ಬಳ ಮುಖವನ್ನು ಬೇರ್ಪಡಿಸಿ, ದೊಡ್ಡದು ಮಾಡಿ, ಹಿಂದೆ ನೀಲಿಯ ಆಕಾಶವೊಂದನ್ನು ಕೂಡಿಸಿ, ಸ್ಟುಡಿಯೋದವರು ಚೌಕಟ್ಟು ಹಾಕಿಸಿ ಕೊಟ್ಟರು. ಪಟ ಅಚ್ಚುಕಟ್ಟಾಗಿತ್ತು. ಅದರಲ್ಲಿ ಒಂದೇ ಕೊರತೆ: ಅದು ನನ್ನ ತಾಯಿಯಂತಿರಲಿಲ್ಲ. ನನ್ನ ತಾಯಿ ಕಪ್ಪು ಹೆಂಗಸು. ಹುಟ್ಟಿನಿಂದ ಬಂದ ಬಣ್ಣದ ಮೇಲೆ ಅಡಿಕೆಯ ಕಣದ ಬಿಸಿಲು ನಲವತ್ತು ವರುಷ ಬಿದ್ದು ಆದ ಕಪ್ಪು ಅದು. ಪಟದಲ್ಲಿದ್ದವಳಾದರೋ ಹಾಲಿನಲ್ಲಿ ಮಿಂದು ಬಂದವಳಂತೆ ಇದ್ದಳು. ಕೆನ್ನೆಯ ಸುಕ್ಕು ಹೋಗಿತ್ತು. ಹಣೆಯ ಮೇಲಿನ ಹಳೆಯ ಗಾಯದ ಗುರುತೂ ಹೋಗಿತ್ತು. ರಜೆಗೆಂದು ಬಂದ ಮೊಮ್ಮಗಳು ಅದನ್ನು ನೋಡಿ, “ಇವರು ಯಾರು, ತಾತ?” ಎಂದು ಕೇಳಿದಾಗ ನನಗೆ ಉತ್ತರ ಹೊಳೆಯದೆ ಹೋಯಿತು.

ಸ್ಟುಡಿಯೋದವನು ನನ್ನ ಹಳೆಯ ವಿದ್ಯಾರ್ಥಿ. ಕೇಳಿದ್ದಕ್ಕೆ ಸಂಕೋಚವಿಲ್ಲದೆ, “ಎಲ್ಲರೂ ಹೀಗೇ ಮಾಡಿಕೊಡಿ ಅಂತಾರೆ, ಮೇಷ್ಟ್ರೆ. ಇದ್ದ ಹಾಗೇ ಕೊಟ್ಟರೆ ದುಡ್ಡು ಕೊಡುವಾಗ ಮುಖ ಸಿಂಡರಿಸುತ್ತಾರೆ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ವಧುಪರೀಕ್ಷೆಗೆ ಕಳಿಸುವ ಫೋಟೋದಿಂದ ಹಿಡಿದು ಸತ್ತವರ ಪಟದವರೆಗೆ ನಮ್ಮ ಊರುಗಳಲ್ಲಿ ಯಾರ ಮುಖವೂ ಅದು ಇದ್ದಂತೆ ಗೋಡೆಗೆ ಏರುವುದಿಲ್ಲ. ಇದು ಅವನೊಬ್ಬನ ತಪ್ಪಲ್ಲ. ನಮ್ಮೆಲ್ಲರ ಕಣ್ಣಿನ ತಪ್ಪು. ಆದರೆ ತಾಯಿಯ ಮುಖವನ್ನು ಸರಿಪಡಿಸಿಕೊಳ್ಳುವ ಕೆಲಸವನ್ನು ಲೋಕದ ಕಣ್ಣು ಸರಿಹೋಗುವವರೆಗೆ ಮುಂದೂಡುವ ಹಾಗಿರಲಿಲ್ಲ. ಆ ಕೆಲಸವನ್ನು ನಾನೇ ಕಲಿತು ಮಾಡಬೇಕೆಂದು ನಿಶ್ಚಯಿಸಿದೆ. ಅದಕ್ಕೊಂದು ಲ್ಯಾಪ್‌ಟಾಪ್ ಬೇಕಾಯಿತು.

ಲ್ಯಾಪ್‌ಟಾಪ್ ಕೊಳ್ಳುವ ವಿಚಾರವನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಉಚಿತವೇ ಎಂದು ಓದುಗರು ಕೇಳಬಹುದು. ಉಚಿತವೆಂದೇ ನನ್ನ ತಿಳಿವಳಿಕೆ. ಓಲೆ ಮತ್ತು ಕಂಠ ಹೋಗಿ ಕಾಗದ ಮತ್ತು ಲೇಖನಿ ಬಂದಾಗ ಬರವಣಿಗೆಯೂ ಬದಲಾಯಿತು. ಇಂದು ನಮ್ಮ ಹುಡುಗರು ಬರೆಯುವುದು, ಓದುವುದು, ನೋಡುವುದು ಎಲ್ಲವೂ ಈ ಯಂತ್ರದ ಮೂಲಕವೇ ಆಗುತ್ತಿದೆ. ಆ ಯಂತ್ರವನ್ನು ಯಾವ ವಿವೇಕದಿಂದ ಆರಿಸಬೇಕು, ಅದರೊಳಗೆ ಯಾವ ಬಗೆಯ ತಂತ್ರಾಂಶ ಇರಬೇಕು ಎಂಬ ಮಾತನ್ನು ಅಂಗಡಿಯವರಿಗೂ ಜಾಹಿರಾತಿನವರಿಗೂ ಬಿಟ್ಟು ಉಪಾಧ್ಯಾಯರು ಸುಮ್ಮನಿರುವುದು ತಕ್ಕದ್ದಲ್ಲ.

ನನಗಿದ್ದ ಅಗತ್ಯ ದೊಡ್ಡದೇನಲ್ಲ. ಅಳಿಯ ತಾನು ಬಳಸಿ ಬಿಟ್ಟ ಕ್ಯಾಮರಾ ಒಂದನ್ನು ನಿವೃತ್ತಿಯ ಹೊತ್ತಿಗೆ ನನಗೆ ಕೊಟ್ಟಿದ್ದ. ಅದನ್ನು ಹೆಗಲಿಗೆ ಹಾಕಿಕೊಂಡು ಸೂಳೆಕೆರೆಯ ಏರಿಯ ಮೇಲೆ ಹಕ್ಕಿಗಳಿಗಾಗಿ ಕಾಯುವುದು, ಸಂತೇಬೆನ್ನೂರಿನ ಪುಷ್ಕರಣಿಯ ನಡುವಣ ವಸಂತಮಂಟಪ ಬೆಳಗಿನ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ಹಿಡಿಯುವುದು, ಹೊನ್ನಾಳಿಯಲ್ಲಿ ತುಂಗಭದ್ರೆಯ ಸಂಜೆಯನ್ನು ನೋಡುವುದು ನನ್ನ ಹವ್ಯಾಸ. ಜಗಳೂರಿನ ರಂಗಯ್ಯನದುರ್ಗದ ಕಾಡಿಗೆ ಎರಡು ಸಾರಿ ಹೋಗಿ, ಕೊಂಡುಕುರಿಯನ್ನು ಕಾಣದೆ, ಕಲ್ಲುಬಂಡೆಗಳ ಚಿತ್ರ ತೆಗೆದುಕೊಂಡು ಬಂದಿದ್ದೇನೆ. ಈ ಚಿತ್ರಗಳನ್ನು ತಿದ್ದಿಕೊಳ್ಳುವುದಕ್ಕೆ ಬೇಕಾದ ಯಂತ್ರ ಮೂರು ಷರತ್ತುಗಳಿಗೆ ಒಪ್ಪಬೇಕಿತ್ತು: ಪಿಂಚಣಿಯವನ ಕೈಗೆ ಎಟುಕಬೇಕು, ಅದರಲ್ಲಿ ಕದ್ದ ತಂತ್ರಾಂಶ ಇರಬಾರದು, ಅದು ಬಣ್ಣವನ್ನು ಇದ್ದಂತೆ ತೋರಿಸಬೇಕು.

ಸಲಹೆಗಳಿಗೆ ಕೊರತೆಯಾಗಲಿಲ್ಲ. ಒಬ್ಬರು ಫೋಟೋ ಕೆಲಸಕ್ಕೆ ಅರುವತ್ತು ಸಾವಿರಕ್ಕೆ ಕಡಿಮೆಯದನ್ನು ಮುಟ್ಟಲೇಬೇಡಿ ಎಂದರು. ಇನ್ನೊಬ್ಬರು ಆಟವಾಡುವ ಹುಡುಗರು ಕೊಳ್ಳುವ, ಕೀಲಿಗಳ ಕೆಳಗೆ ಕೆಂಪು ದೀಪ ಉರಿಯುವ ಯಂತ್ರವೇ ಆಗಬೇಕೆಂದರು. ಮತ್ತೊಬ್ಬರು, “ಮೊಬೈಲಿನಲ್ಲೇ ಎಲ್ಲಾ ಆಗುತ್ತದೆ, ಈ ವಯಸ್ಸಿಗೆ ಅದೆಲ್ಲ ಏಕೆ?” ಎಂದು ನನ್ನ ಮೇಲಣ ಕನಿಕರದಿಂದ ಕೇಳಿದರು. ಮೊಬೈಲು ನಮ್ಮ ಮುಖಗಳನ್ನು ಕೇಳದೆಯೇ ನುಣುಪು ಮಾಡಿ ಬೆಳ್ಳಗೆ ಮಾಡುವ ಯಂತ್ರ. ಆ ರೋಗಕ್ಕೆ ಔಷಧ ಹುಡುಕಿಕೊಂಡು ಹೊರಟವನಿಗೆ ಆ ದಾರಿ ಸರಿಬರುವುದಿಲ್ಲವೆಂದು ಅವರಿಗೆ ಹೇಗೆ ಹೇಳಲಿ?

ಕಡೆಗೆ ಒಂದು ದೊಡ್ಡ ಊರಿನ ಅಂಗಡಿಗೆ ಹೋದೆ. ಅಂಗಡಿಯವರು ವಿನಯಶಾಲಿಗಳು. ಮೂವತ್ತೈದು ಸಾವಿರದ ಹೊಸ ಯಂತ್ರವೊಂದನ್ನು ಹೊಳೆಯುವಂತೆ ಒರೆಸಿ ಮುಂದಿಟ್ಟು, “ಫೋಟೋಶಾಪು, ಆಫೀಸು, ಎಲ್ಲಾ ಹಾಕಿಕೊಡುತ್ತೇವೆ ಸಾರ್, ಅದಕ್ಕೇನೂ ಚಾರ್ಜಿಲ್ಲ” ಎಂದರು. ಬೆಲೆಯಿರುವ ವಸ್ತು ಬೆಲೆಯಿಲ್ಲದೆ ಹೇಗೆ ಬರುತ್ತದೆಂದು ಕೇಳಿದೆ. ಆತ ನಕ್ಕುಬಿಟ್ಟರು. ಆ ನಗೆಯ ಅರ್ಥ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಊರುಗಳ ಎಷ್ಟು ಕಂಪ್ಯೂಟರುಗಳಲ್ಲಿ, ಎಷ್ಟು ಕಾಲೇಜುಗಳಲ್ಲಿ, ಎಷ್ಟು ಮುದ್ರಣಾಲಯಗಳಲ್ಲಿ ಇಂಥ ಕದ್ದ ಪ್ರತಿಗಳಿವೆಯೆಂದು ಎಣಿಸಲು ಹೊರಟರೆ ಮೊದಲು ನಾಚಿಕೆಯಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಮೂವತ್ತು ವರುಷಕ್ಕೂ ಮೇಲ್ಪಟ್ಟು ನಾನು ಪರೀಕ್ಷೆಯ ಕೋಣೆಗಳಲ್ಲಿ ಕಾವಲು ನಿಂತಿದ್ದೇನೆ. ಪಕ್ಕದವನ ಉತ್ತರವನ್ನು ನೋಡಿ ಬರೆದ ಹುಡುಗನ ಕೈಯಿಂದ ಕಾಗದವನ್ನು ಕಿತ್ತುಕೊಂಡಿದ್ದೇನೆ. ಅಂಥವನು ಮನೆಗೆ ಬಂದು, ಕದ್ದ ತಂತ್ರಾಂಶದ ಮೇಲೆ ಪ್ರಶ್ನೆಪತ್ರಿಕೆಯನ್ನು ಟೈಪು ಮಾಡುವುದಾದರೆ ಆ ಹುಡುಗನಿಗೂ ನನಗೂ ಇರುವ ಅಂತರವೇನು? ಹುಡುಗನಿಗೆ ಪರೀಕ್ಷೆಯ ಹೆದರಿಕೆಯಾದರೂ ಇತ್ತು. ಹಾಗೆಂದು ದುಡ್ಡು ಕೊಟ್ಟೇ ಪಡೆಯುವುದೂ ಸುಲಭವಲ್ಲ. ಫೋಟೋಶಾಪಿನ ಹೊಸ ಆವೃತ್ತಿಗಳು ೨೦೧೩ರಿಂದೀಚೆಗೆ ಬಾಡಿಗೆಗೆ ಮಾತ್ರ ದೊರೆಯುತ್ತವೆ. ಬಾಡಿಗೆ ನಿಂತ ದಿನ ಮನೆಯಿಂದ ಹೊರಗೆ. ಮದುವೆಗಳ ಆಲ್ಬಂ ಮಾಡಿ ಬದುಕುವವನು ಆ ಬಾಡಿಗೆಯನ್ನು ದುಡಿಮೆಯಿಂದ ತೀರಿಸಬಲ್ಲ. ವರುಷಕ್ಕೆ ನಾಲ್ಕು ಹಕ್ಕಿಯ ಚಿತ್ರ ತಿದ್ದುವ ಹವ್ಯಾಸಿ ಏತರಿಂದ ತೀರಿಸುವುದು?

ಇಂಥ ಇಕ್ಕಟ್ಟಿನಿಂದ ಬಿಡಿಸುವ ದಾರಿ ಹೊಸದೇನಲ್ಲ. ನಮ್ಮ ಕಡೆ ಅದನ್ನು ತುಳಿದವರು ಕಡಿಮೆ, ಅಷ್ಟೆ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಸ್ವತಂತ್ರ ತಂತ್ರಾಂಶದ ಸಂಕಲ್ಪವನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಇಪ್ಪತ್ತೊಂದು ವಯಸ್ಸಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಕಾರ್ಯವ್ಯವಸ್ಥೆಯ ತಿರುಳೊಂದನ್ನು ಬರೆದು ಲೋಕದ ಮುಂದಿಟ್ಟ. ಇವೆರಡು ಹೊಳೆಗಳು ಕೂಡಿದ ಸಂಗಮವೇ ಇಂದು ನಾವು ಲಿನಕ್ಸ್ ಎಂದು ಕರೆಯುತ್ತಿರುವುದು. ಅದನ್ನು ಪ್ರತಿಮಾಡಿ ನೆರೆಯವನಿಗೆ ಕೊಡುವುದು ಕಳವಲ್ಲ. ಹಾಗೆ ಕೊಡಬೇಕೆಂಬುದೇ ಅದನ್ನು ಬರೆದವರ ಇಚ್ಛೆ. ಮೊಸರಿಗೆ ಹೆಪ್ಪು ಕೇಳಿದರೆ ಇಲ್ಲವೆನ್ನದ ನಮ್ಮ ಹಳ್ಳಿಯ ಹೆಂಗಸರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರ ತಿದ್ದುವ ಸಾಧನಗಳೂ ಅದೇ ಜಾತಿಯವು ಇವೆ. ಗಿಂಪ್ ಎಂಬುದನ್ನು ೧೯೯೫ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದರು. ಅದರ ಮೂರನೆಯ ದೊಡ್ಡ ಆವೃತ್ತಿ ೨೦೨೫ರಲ್ಲಿ ಬಂದಿತು. ಡಾರ್ಕ್‌ಟೇಬಲ್ ಎಂಬುದು ೨೦೦೯ರಲ್ಲಿ ಹುಟ್ಟಿತು. ಹಿಂದಿನ ಕಾಲದ ಸ್ಟುಡಿಯೋಗಳ ಕತ್ತಲ ಕೋಣೆಯಲ್ಲಿ ಕೆಂಪು ದೀಪದಡಿ, ಹೈಪೋವಿನ ವಾಸನೆಯ ನಡುವೆ ಮಾಡುತ್ತಿದ್ದ ಕೆಲಸವನ್ನು ಅದು ಮೇಜಿನ ಮೇಲೆ ಮಾಡಿಕೊಡುತ್ತದೆ. ಅದರ ಹೆಸರಿನಲ್ಲಿಯೂ ಆ ಕತ್ತಲು ಉಳಿದಿದೆ. ರಾ ಥೆರಪಿ, ಡಿಜಿಕ್ಯಾಮ್ ಮೊದಲಾದವು ಇವುಗಳ ನೆಂಟರು. ಇವುಗಳಲ್ಲಿ ಯಾವುದಕ್ಕೂ ಬಾಡಿಗೆಯಿಲ್ಲ.

ಆದುದರಿಂದ ತಂತ್ರಾಂಶದ ಪ್ರಶ್ನೆ ತೀರಿತು. ಯಂತ್ರದ ಪ್ರಶ್ನೆ ಉಳಿಯಿತು. ಅದನ್ನು ತೀರಿಸಿದವಳು ನನ್ನ ತಾಯಿ. ಅಂಗಡಿಗೆ ಹೋಗುವಾಗ ಆ ೧೯೮೩ರ ಮದುವೆಯ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿದ್ದೆ. ಮೂವತ್ತೈದು ಸಾವಿರದ ಹೊಸ ಯಂತ್ರದ ಪರದೆಯ ಮೇಲೆ ಅದನ್ನು ತೆರೆಯಿಸಿದೆ. ನೇರವಾಗಿ ಕುಳಿತು ನೋಡಿದರೆ ಅವ್ವ ಕಪ್ಪಗಿದ್ದಳು. ಪರದೆಯನ್ನು ತುಸು ಹಿಂದಕ್ಕೆ ವಾಲಿಸಿದೆ; ಬೂದಿ ಬಡಿದವಳಂತಾದಳು. ಮುಂದಕ್ಕೆ ತಂದೆ, ಮುಖವೇ ಕತ್ತಲಲ್ಲಿ ಮುಳುಗಿತು. ಕುತ್ತಿಗೆಯನ್ನು ಒಂದು ಗೇಣು ಎತ್ತಿದರೆ ಒಂದು ಬಣ್ಣ, ಇಳಿಸಿದರೆ ಇನ್ನೊಂದು. ಇಂಥ ಪರದೆಯನ್ನು ನಂಬಿ ಯಾರ ಬಣ್ಣವನ್ನು ತಿದ್ದಲಿ? ಅಗ್ಗದ ಹೊಸ ಯಂತ್ರಗಳಲ್ಲಿ ಬೆಲೆ ತಗ್ಗಿಸಲು ಮೊದಲು ಕತ್ತರಿ ಬೀಳುವುದು ಪರದೆಗೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಪಕ್ಕದಲ್ಲಿ ಐಪಿಎಸ್ ಎಂಬ ಜಾತಿಯ ಪರದೆಯಿದ್ದ ಯಂತ್ರವೊಂದಿತ್ತು. ಅದರಲ್ಲಿ ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ನೋಡಿದರೂ ಅವ್ವ ಅವ್ವನಾಗಿಯೇ ಇದ್ದಳು.

ಚಿತ್ರ ತಿದ್ದುವ ಹವ್ಯಾಸಿಗೆ ಮೊದಲು ಬೇಕಾದುದು ವೇಗವಲ್ಲ, ಸತ್ಯ ಹೇಳುವ ಪರದೆ. ವೇಗ ಕಡಿಮೆಯಾದರೆ ಒಂದು ಗಳಿಗೆ ಹೆಚ್ಚು ಕಾಯುತ್ತೇವೆ. ಪರದೆ ಸುಳ್ಳು ಹೇಳಿದರೆ ಮಾಡಿದ ಕೆಲಸವೆಲ್ಲ ಸುಳ್ಳಾಗುತ್ತದೆ. ಐಪಿಎಸ್ ಪರದೆ, ಅದರ ಅಡ್ಡ ಸಾಲಿನಲ್ಲಿ ೧೯೨೦, ಉದ್ದ ಸಾಲಿನಲ್ಲಿ ೧೦೮೦ ಚುಕ್ಕೆಗಳು: ಇದು ಮೊದಲ ಷರತ್ತು. ಎರಡನೆಯದು ರ್ಯಾಮ್. ಎಂಟು ಜಿಬಿಯಲ್ಲಿ ಕೆಲಸ ಸಾಗುತ್ತದೆ, ಹದಿನಾರಿದ್ದರೆ ಸುಖವಾಗಿ ಸಾಗುತ್ತದೆ. ಇಲ್ಲಿಯೂ ಒಂದು ಎಚ್ಚರ ಬೇಕು. ತೆಳ್ಳಗಿನ ಹೊಸ ಯಂತ್ರಗಳು ಅನೇಕದರಲ್ಲಿ ರ್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಮುಂದೆ ಬದಲಾಯಿಸುವಂತಿಲ್ಲ. ಮೂರನೆಯದು, ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ. ಪ್ರೊಸೆಸರು ಇವೆಲ್ಲದರ ಹಿಂದೆ ಬರುವ ಮಾತು. ಬೇರೆ ಗ್ರಾಫಿಕ್ಸ್ ಕಾರ್ಡು ಇದ್ದರೆ ಡಾರ್ಕ್‌ಟೇಬಲಿಗೆ ವೇಗ ಬರುವುದು ನಿಜ. ಆದರೆ ಎನ್‌ವಿಡಿಯಾ ಕಾರ್ಡುಗಳನ್ನು ಲಿನಕ್ಸಿನಲ್ಲಿ ಹೊಂದಿಸುವುದು ಹೊಸಬನಿಗೆ ತಲೆನೋವಾಗುವುದುಂಟು. ಪ್ರೊಸೆಸರಿನೊಳಗೇ ಇರುವ ಇಂಟೆಲ್ ಗ್ರಾಫಿಕ್ಸ್ ನಿಧಾನವಾದರೂ ಗೋಳುಹೊಯ್ಯುವುದಿಲ್ಲ.

ಈ ಗುಣಗಳೆಲ್ಲ ಹೊಸ ಯಂತ್ರದಲ್ಲಿ ಬೇಕೆಂದರೆ ಬೆಲೆ ಏರುತ್ತದೆ. ಹಳೆಯದರಲ್ಲಿ ಅವು ಅಗ್ಗವಾಗಿ ಸಿಗುತ್ತವೆ; ಅದಕ್ಕೊಂದು ಕಾರಣವಿದೆ. ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಕೊಡುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಮುಂತಾದ ಗಟ್ಟಿ ಯಂತ್ರಗಳನ್ನು ಕೆಲವು ವರುಷಗಳಿಗೊಮ್ಮೆ ಒಟ್ಟಾಗಿ ಹೊರಹಾಕುತ್ತವೆ. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಕಡೆ ಅವನ್ನು ಒರೆಸಿ, ರಿಪೇರಿ ಮಾಡಿ ಮಾರುತ್ತಾರೆ. ಇದರ ಮೇಲೆ ಮೈಕ್ರೋಸಾಫ್ಟ್ ಕಂಪನಿ ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ ೧೧, ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳಲ್ಲಿ ಬಹುಪಾಲನ್ನು ಒಪ್ಪುವುದಿಲ್ಲ. ಹೀಗಾಗಿ ಮೈಯಲ್ಲಿ ಯಾವ ರೋಗವೂ ಇಲ್ಲದ ಯಂತ್ರಗಳು ಒಂದು ಕಂಪನಿಯ ತೀರ್ಮಾನದಿಂದ ಮುದಿಯಾದವು. ಅರುವತ್ತಾಯಿತೆಂದು ಶಾಲೆಯಿಂದ ಕಳಿಸಲ್ಪಟ್ಟವನಿಗೆ ಇಂಥ ಯಂತ್ರಗಳ ಮೇಲೆ ಸ್ವಲ್ಪ ಮಮತೆ ಹುಟ್ಟಿದರೆ ಆಶ್ಚರ್ಯವಿಲ್ಲ. ಲಿನಕ್ಸ್ ಅವನ್ನು ಮತ್ತೆ ಕೆಲಸಕ್ಕೆ ಕರೆಯುತ್ತದೆ.

ಹಳೆಯದನ್ನು ಕೊಳ್ಳುವಾಗ ಮೋಸಹೋಗಬಾರದಲ್ಲ ಎಂಬ ಅಂಜಿಕೆ ಸಹಜ. ಚನ್ನಗಿರಿಯವರಿಗೆ ಈ ವಿದ್ಯೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಅಡಿಕೆಯ ವ್ಯಾಪಾರಿ ರಾಶಿಯ ಮೇಲಣ ಹೊಳಪನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಚೀಲದ ತಳಕ್ಕೆ ಕೈಹಾಕಿ ತೆಗೆದು, ಒಡೆದು ನೋಡಿ ಮಾತಾಡುತ್ತಾನೆ. ಲಿನಕ್ಸಿನಲ್ಲಿಯೂ ಯಂತ್ರವನ್ನು ಒಡೆದು ನೋಡುವ ಉಪಾಯವೊಂದಿದೆ. ಅದನ್ನು ಒಂದು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋಗಿ, ಯಂತ್ರದಲ್ಲಿರುವುದನ್ನು ಏನೂ ಕದಲಿಸದೆ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಬಹುದು. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಪ್ರತಿಯೊಂದು ಕೀಲಿಯೂ ಒತ್ತುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಬಿಡಬಹುದು. ಬ್ಯಾಟರಿ ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕವನ್ನೂ ಲಿನಕ್ಸ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಈ ಪರೀಕ್ಷೆಗೆ ಒಪ್ಪದ ಅಂಗಡಿಯಿಂದ ನಮಸ್ಕಾರ ಮಾಡಿ ಹೊರಬರುವುದು ಒಳ್ಳೆಯದು. ನಾನು ಎರಡು ಅಂಗಡಿಗಳಿಂದ ಹಾಗೆ ಬಂದೆ.

ಮೂರನೆಯ ಕಡೆ ಹದಿನೆಂಟು ಸಾವಿರಕ್ಕೆ ಒಂದು ಹಳೆಯ ಥಿಂಕ್‌ಪ್ಯಾಡ್ ದೊರೆಯಿತು. ಮೂಲೆಯಲ್ಲಿ ಬಣ್ಣ ಸವೆದಿದೆ; ಮುಚ್ಚಳದ ಮೇಲೆ ಯಾವುದೋ ಕಚೇರಿಯ ಚೀಟಿ ಅಂಟಿಸಿ ಕಿತ್ತ ಗುರುತಿದೆ. ರ್ಯಾಮನ್ನು ಹದಿನಾರಕ್ಕೆ ಏರಿಸಲು ಸ್ವಲ್ಪ, ಬ್ಯಾಟರಿ ಬದಲಾಯಿಸಲು ಸ್ವಲ್ಪ, ಎಲ್ಲ ಸೇರಿ ಇಪ್ಪತ್ತನಾಲ್ಕು ಸಾವಿರದೊಳಗೆ ಮುಗಿಯಿತು. ತಂತ್ರಾಂಶಕ್ಕೆ ಒಂದು ಕಾಸೂ ತಗಲಲಿಲ್ಲ. ಅದರ ಬದಲಾಗಿ ಅದನ್ನು ಕಟ್ಟುವವರಿಗೆ ನನ್ನ ಕೈಲಾದಷ್ಟು ಸಣ್ಣ ಕಾಣಿಕೆಯನ್ನು ಕಳಿಸಿದೆ. ಯಾರೂ ಕೇಳದೆ ಕೊಟ್ಟ ಹಣಕ್ಕೆ ಬೇರೆಯೇ ಒಂದು ನೆಮ್ಮದಿಯಿದೆ.

ಇನ್ನು ಚಿತ್ರದ ಕೆಲಸ. ಕ್ಯಾಮರಾ ಸಾಮಾನ್ಯವಾಗಿ ಕೊಡುವ ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ೨೫೬ ಮೆಟ್ಟಿಲುಗಳಿರುತ್ತವೆ. ರಾ ಎಂಬ ಕಚ್ಚಾ ರೂಪದಲ್ಲಿ, ಹದಿನಾಲ್ಕು ಬಿಟ್ಟಿನ ಕ್ಯಾಮರಾದಲ್ಲಿ, ೧೬,೩೮೪ ಮೆಟ್ಟಿಲುಗಳಿರುತ್ತವೆ. ಈ ಅಂಕಿಗಳು ಬರಿಯ ಲೆಕ್ಕವಲ್ಲ. ಕಪ್ಪು ಮುಖದ ಗೆರೆಗಳೂ ಕಳೆಯೂ ಇರುವುದು ನೆರಳಿನ ಮೆಟ್ಟಿಲುಗಳಲ್ಲಿ. ಮೆಟ್ಟಿಲು ಕಡಿಮೆಯಾದ ಚಿತ್ರವನ್ನು ಎಳೆದಾಡಿದರೆ ಅಲ್ಲಿಯೇ ಮೊದಲು ಒಡಕು ಕಾಣುತ್ತದೆ. ಮುಖವನ್ನು ಬೆಳ್ಳಗೆ ಮಾಡಿ ಬಿಡುವುದು ಸುಲಭ. ಕಪ್ಪನ್ನು ಕಪ್ಪಾಗಿಯೇ ಉಳಿಸಿ ಅದರೊಳಗಣ ಬೆಳಕನ್ನು ತೋರಿಸುವುದು ಕಷ್ಟ. ಸ್ಟುಡಿಯೋಗಳು ಸುಲಭದ ದಾರಿ ಹಿಡಿದುದರಲ್ಲಿ ಇದೂ ಒಂದು ಕಾರಣವಿರಬೇಕು.

ಹಳೆಯ ಮದುವೆಯ ಫೋಟೋವನ್ನು ಕಿಟಕಿಯ ಮಬ್ಬು ಬೆಳಕಿನಲ್ಲಿ ಚಪ್ಪಟೆಯಾಗಿ ಇಟ್ಟು, ಅದನ್ನೇ ಕ್ಯಾಮರಾದಿಂದ ರಾ ರೂಪದಲ್ಲಿ ತೆಗೆದೆ. ಆ ಕಾಲದ ಬಣ್ಣದ ಫೋಟೋಗಳಲ್ಲಿ ಅನೇಕವು ಹಳತಾದಂತೆ ಕೆಂಪಿಗೆ ತಿರುಗುತ್ತವೆ; ನಮ್ಮದೂ ಹಾಗೆಯೇ ಆಗಿತ್ತು. ಇದರಲ್ಲಿ ಯಾವುದು ಕಾಲದ ಕೆಂಪು, ಯಾವುದು ಅವ್ವನ ಮೈಬಣ್ಣ ಎಂದು ಬೇರ್ಪಡಿಸುವುದು ಹೇಗೆ? ಚಿತ್ರದಲ್ಲಿ ಬಣ್ಣವಿಲ್ಲದ ವಸ್ತು ಒಂದಿದ್ದರೆ ಅದನ್ನು ಹಿಡಿದು ಉಳಿದುದನ್ನು ಅಳೆಯಬಹುದು. ಅವ್ವನ ಪಕ್ಕದಲ್ಲಿ ಅಪ್ಪ ನಿಂತಿದ್ದರು, ಮಗಳ ಮದುವೆಗೆಂದು ಕೊಂಡ ಬಿಳಿಯ ಪಂಚೆಯನ್ನುಟ್ಟು. ಡಾರ್ಕ್‌ಟೇಬಲಿನಲ್ಲಿ ಆ ಪಂಚೆಯನ್ನು ತೋರಿಸಿ, ‘ಇದು ಬಿಳಿ’ ಎಂದು ಹೇಳಿದೆ. ಚಿತ್ರವೆಲ್ಲ ಒಮ್ಮೆ ತೊಳೆದಂತಾಗಿ, ಚಪ್ಪರದ ಮಾವಿನೆಲೆ ಹಸಿರಾಯಿತು. ಅಕ್ಕನ ಸೀರೆ ಅರಿಶಿನಕ್ಕೆ ಬಂತು. ಅವ್ವನ ಮುಖಕ್ಕೆ ಅವಳ ಬಣ್ಣ ಬಂದಿತು. ಸಂಜೆಗಳಲ್ಲಿ ಕುಳಿತು ಮೂರು ವಾರ ಧೂಳಿನ ಚುಕ್ಕೆಗಳನ್ನೂ ಗೀರುಗಳನ್ನೂ ಒಂದೊಂದಾಗಿ ತೆಗೆದೆ. ಹಣೆಯ ಗಾಯದ ಗುರುತನ್ನು ತೆಗೆಯಲಿಲ್ಲ.

ಈ ಮಾರ್ಗದಲ್ಲಿ ತೊಡಕುಗಳಿಲ್ಲವೆಂದು ನಾನು ಹೇಳಿದರೆ ಅಂಗಡಿಯವರಿಗೂ ನನಗೂ ಭೇದವಿರುವುದಿಲ್ಲ. ಡಾರ್ಕ್‌ಟೇಬಲ್ ಮೊದಲ ದಿನ ಕಾಡಿನಂತೆ ತೋರುತ್ತದೆ. ದಾರಿ ಸಿಗಲು ನನಗೆ ಒಂದು ತಿಂಗಳು ಹಿಡಿಯಿತು. ಫೋಟೋಶಾಪ್ ಲಿನಕ್ಸಿಗೆ ಬರುವುದಿಲ್ಲ. ಆಲ್ಬಂ ಅಚ್ಚು ಮಾಡುವ ಅನೇಕ ಲ್ಯಾಬುಗಳು ಅದರ ಕಡತಗಳನ್ನೇ ಕೇಳುತ್ತವೆ. ಆದುದರಿಂದ ಮದುವೆಯ ಫೋಟೋಗ್ರಾಫರುಗಳು ತಮ್ಮ ಅನ್ನದ ಸಾಧನವನ್ನು ನನ್ನ ಮಾತು ಕೇಳಿ ಬದಲಾಯಿಸಬೇಕಾಗಿಲ್ಲ. ಪರದೆಯ ಬಣ್ಣವನ್ನು ಅಳೆದು ಸರಿಪಡಿಸುವ ಉಪಕರಣವಿದೆ, ಆದರೆ ಅದರ ಬೆಲೆ ಹವ್ಯಾಸಿಗೆ ಭಾರ. ಅದಕ್ಕೆ ನಾನು ಕಂಡುಕೊಂಡ ಬಡವರ ಉಪಾಯವಿಷ್ಟೆ: ಒಂದು ಚಿತ್ರವನ್ನು ಲ್ಯಾಬಿನಲ್ಲಿ ಅಚ್ಚು ಹಾಕಿಸಿ, ಹಗಲಿನ ಬೆಳಕಿನಲ್ಲಿ ಪರದೆಯ ಪಕ್ಕಕ್ಕೆ ಹಿಡಿದು, ಎರಡೂ ಒಂದೇ ತೆರನಾಗಿ ಕಾಣುವವರೆಗೆ ಪರದೆಯ ಬೆಳಕನ್ನು ತಗ್ಗಿಸುವುದು. ಬಹುಮಂದಿ ಪರದೆಯನ್ನು ಅತಿ ಬೆಳಕಿನಲ್ಲಿಟ್ಟುಕೊಂಡು, ಅಚ್ಚಾದ ಚಿತ್ರ ಕಪ್ಪಾಯಿತೆಂದು ಲ್ಯಾಬನ್ನು ಬಯ್ಯುತ್ತಾರೆ.

ಕನ್ನಡದ ಗತಿಯೇನು ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಕಿನ್ನಿಕಂಬಳ ಪದ್ಮನಾಭ ರಾವ್ ಅವರ ವಿನ್ಯಾಸದಿಂದ ಬೆಳೆದು ನಮಗೆಲ್ಲ ಬೆರಳಿಗೆ ಹತ್ತಿದ ಕಗಪ ಕೀಲಿಮಣೆ ಲಿನಕ್ಸಿನೊಳಗೇ ಇದೆ. ಬೇರೆ ಏನನ್ನೂ ತಂದು ಹಾಕಬೇಕಾಗಿಲ್ಲ. ಯೂನಿಕೋಡಿನಲ್ಲಿ ಬರೆದುದು ಎಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿಟ್ಟ ಕಡತಗಳು ಮಾತ್ರ ಗೊಂದಲದ ಲಿಪಿಯಾಗಿ ತೆರೆದುಕೊಳ್ಳುತ್ತವೆ; ಅವನ್ನು ಒಮ್ಮೆ ಪರಿವರ್ತಿಸಿಕೊಳ್ಳಬೇಕು. ಮೂಡಿಗೆರೆಯ ತೋಟದಲ್ಲಿ ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ಅಲೆದ ಪೂರ್ಣಚಂದ್ರ ತೇಜಸ್ವಿಯವರೇ ಕನ್ನಡದ ತಂತ್ರಾಂಶಕ್ಕಾಗಿಯೂ ತಲೆಕೆಡಿಸಿಕೊಂಡವರು. ಚಿತ್ರ, ಬರಹ, ಯಂತ್ರ ಈ ಮೂರೂ ಒಬ್ಬ ಬರಹಗಾರನ ಕಾಳಜಿಯಾಗಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಒಬ್ಬ ನಿವೃತ್ತನ ಮನೆವಾರ್ತೆಯಾಗಿ ಉಳಿಯುವುದಾದರೆ ಬರೆಯುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳಿದ್ದಾಳೆ. ತಾಯಿ ಸುಗ್ಗಿಯಲ್ಲಿ ಖೇಣಿದಾರರ ಮನೆಯಲ್ಲಿ ಅಡಿಕೆ ಸುಲಿಯುತ್ತಾಳೆ. ಮಗಳ ಓದಿಗೆ ಲ್ಯಾಪ್‌ಟಾಪ್ ಬೇಕೆಂದು ಆಕೆ ಕಂತಿನ ಸಾಲಕ್ಕೆ ಸಹಿ ಹಾಕಲು ಹೊರಟಿದ್ದಳು. ಅದೇ ಮೂವತ್ತೈದು ಸಾವಿರದ ಯಂತ್ರ. ಬಡ್ಡಿ ಸೇರಿದರೆ ಇನ್ನೂ ಮೇಲೆ. ಹುಡುಗಿಯನ್ನು ಕರೆದು ಒಂದು ವಾರ ನನ್ನ ಯಂತ್ರದ ಮುಂದೆ ಕೂರಿಸಿದೆ. ಪ್ರಬಂಧ ಬರೆದಳು, ಲೆಕ್ಕದ ಹಾಳೆ ಮಾಡಿದಳು, ತನ್ನ ಮೊಬೈಲಿನಲ್ಲಿ ತೆಗೆದಿದ್ದ ತಾಯಿಯ ಕೈಗಳ ಚಿತ್ರವನ್ನು ತಿದ್ದಿದಳು. ಅಡಿಕೆಯ ತೊಗರಿನಿಂದ ಕಂದಿದ ಬೆರಳುಗಳು. “ಇದನ್ನ ತಿಳಿ ಮಾಡಬೇಕಾ, ಸಾರ್?” ಎಂದು ಕೇಳಿದಳು. “ನಿನಗೆ ಹೇಗೆ ಕಾಣುತ್ತದೋ ಹಾಗಿರಲಿ” ಎಂದೆ. ಅವಳು ತಿಳಿ ಮಾಡಲಿಲ್ಲ. ಸಾಲದ ಕಾಗದಕ್ಕೆ ಸಹಿ ಬೀಳಲಿಲ್ಲ. ಹದಿನೇಳು ಸಾವಿರಕ್ಕೆ ಅವಳಿಗೂ ಒಂದು ಹಳೆಯ ಯಂತ್ರ ದೊರೆಯಿತು. ಪರೀಕ್ಷೆಗೆ ನನ್ನ ಪೆನ್‌ಡ್ರೈವನ್ನೇ ಒಯ್ದಿದ್ದಳು.

ಒಬ್ಬ ಹುಡುಗಿಗೆ ಆದುದು ಒಂದು ಕಾಲೇಜಿಗೆ ಏಕಾಗಬಾರದು? ನೆರೆಯ ಕೇರಳದ ಶಾಲೆಗಳಲ್ಲಿ ಅನೇಕ ವರುಷಗಳಿಂದ ಮಕ್ಕಳು ಕಂಪ್ಯೂಟರ್ ಕಲಿಯುತ್ತಿರುವುದು ಲಿನಕ್ಸಿನ ಮೇಲೆಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ, ಕನ್ನಡದ ಪಠ್ಯಪುಸ್ತಕ ಹಿಡಿದು ಕಲಿಯುತ್ತಾರೆ. ಗಡಿಯಾಚೆಯ ಕನ್ನಡದ ಮಗುವಿಗೆ ಸಾಧ್ಯವಾದುದು ಚನ್ನಗಿರಿಯ, ನ್ಯಾಮತಿಯ, ಜಗಳೂರಿನ ಮಗುವಿಗೆ ಅಸಾಧ್ಯವೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ನಮ್ಮ ಪ್ರಯೋಗಶಾಲೆಗಳಲ್ಲಿ ಧೂಳು ಹಿಡಿದ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಒಂದು ಪೆನ್‌ಡ್ರೈವನ್ನು ಚುಚ್ಚಿ ನೋಡಿರೆಂದು ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿನಂತಿ. ಏಳುವವು ಏಳುತ್ತವೆ. ಮಕ್ಕಳಿಗೆ ಯಂತ್ರ ಬಳಸುವುದನ್ನು ಕಲಿಸುವ ದಿನವೇ ಕದಿಯುವುದನ್ನೂ ಕಲಿಸುವ ಪಾಡು ತಪ್ಪುತ್ತದೆ.

ಹೊಸ ಪಟ ಸಿದ್ಧವಾದ ಮೇಲೆ ಅಕ್ಕ ಊರಿಂದ ಬಂದಿದ್ದಳು. ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ಹಣೆಯ ಗುರುತಿನ ಮೇಲೆ ಬೆರಳಿಟ್ಟು, “ಇದು ನೀನು ಹುಟ್ಟೋಕೆ ಮುಂಚೆ, ಬಾವಿಕಟ್ಟೆ ಮೇಲೆ ಜಾರಿ ಬಿದ್ದಾಗ ಆದದ್ದು ಕಣೋ ತಮ್ಮಾ” ಎಂದಳು. ಆ ಗಾಯದ ಕತೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬೆಳ್ಳನೆಯ ಪಟ ಗೋಡೆಯ ಮೇಲಿದ್ದ ಅಷ್ಟು ವರುಷವೂ ಅದನ್ನು ಹೇಳುವ ಸಂದರ್ಭ ಅವಳಿಗೆ ಬಂದಿರಲಿಲ್ಲ.